ತಿದ್ದಿದ್ದಕ್ಕೆ ಸಹಿ

ನನ್ನ ಕಂಪ್ಯೂಟರಿನ ಮುಂದೆ ನಾನು ಚಪ್ಪಲಿ ಬಿಟ್ಟೇ ಕೂರುತ್ತೇನೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಕಕ್ಷಿದಾರರು ಕೇಳಿದರೆ, ಧೂಳು ಒಳಗೆ ಹೋದರೆ ಯಂತ್ರ ಕೆಡುತ್ತದೆ ಎನ್ನುತ್ತೇನೆ. ಅವರು ನನ್ನ ಮೇಜಿನ ಮೇಲಿನ ಕಡತಗಳ ಧೂಳನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ. ನಿಜವಾದ ಕಾರಣ ಭಯ ಮತ್ತು ಭಕ್ತಿ. ಎರಡರಲ್ಲಿ ಯಾವುದು ಎಷ್ಟು ಪಾಲು ಎಂದು ಯಾರಾದರೂ ಪಾಟೀಸವಾಲಿಗೆ ನಿಂತರೆ ನಾನು ತೊದಲುವುದು ಖಂಡಿತ.

ಮೈಸೂರಿನ ಕೋರ್ಟಿನಲ್ಲಿ ಮೂವತ್ತೈದು ವರ್ಷ ವಕೀಲಿ ಮಾಡಿದ್ದೇನೆ. ಅಷ್ಟೂ ವರ್ಷ ನಾನು ಒಂದು ಸಾಲನ್ನೂ ಟೈಪು ಮಾಡಿದವನಲ್ಲ. ಕೈ ಹಿಂದೆ ಕಟ್ಟಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಾ ಹೇಳುವುದು ನನ್ನ ಕೆಲಸ, ಟೈಪು ಮಾಡುವುದು ಜಯಲಕ್ಷ್ಮಮ್ಮನವರ ಕೆಲಸ. ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ನಾನು ಗತ್ತಿನಿಂದ ‘ಆದ್ದರಿಂದ’ ಎಂದರೆ ಆಕೆಯ ಬೆರಳು ನಿಲ್ಲುತ್ತಿತ್ತು. “ಸಾರ್, ಆದ್ದರಿಂದ ಅನ್ನೋಕೆ ಇನ್ನೂ ಕಾರಣವೇ ಹೇಳಿಲ್ಲ ನೀವು” ಎನ್ನುತ್ತಿದ್ದರು. ನಾನು ಹಿಂದಿನ ಗೋಡೆಗೆ ಮರಳಿ ಕಾರಣ ಹುಡುಕಿಕೊಂಡು ಬರುತ್ತಿದ್ದೆ. ನನ್ನ ವಾದಗಳನ್ನು ಮೆಚ್ಚಿದ ನ್ಯಾಯಾಧೀಶರು ಯಾರನ್ನು ಮೆಚ್ಚುತ್ತಿದ್ದಾರೆಂದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಹೋದ ವರ್ಷ ಆಕೆಯ ಮಂಡಿಗಳು ನನ್ನ ಆಫೀಸಿನ ಎರಡು ಮಹಡಿಯ ಮೆಟ್ಟಿಲು ಇನ್ನಾಗದು ಎಂದುಬಿಟ್ಟವು. ಹೋಗುವ ಮುಂಚೆ ಮೂರು ದಿನ ಕೂತು ನನಗೆ ಪಾಠ ಹೇಳಿದರು. ಒಂದು ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಮೊದಲ ಪುಟದ ಮೊದಲ ಸಾಲು: ‘ಸಾರ್, ಹೆದರಬೇಡಿ. ನೀವು ಏನು ಒತ್ತಿದರೂ ಅದು ಸಿಡಿಯುವುದಿಲ್ಲ.’ ಆ ಪುಸ್ತಕ ಈಗಲೂ ನನ್ನ ಎಡಗೈ ಪಕ್ಕದಲ್ಲೇ, ಸಿವಿಲ್ ಪ್ರೊಸೀಜರ್ ಕೋಡಿನ ಮೇಲೆ ಇದೆ.

ಅರವತ್ತೆರಡನೆಯ ವಯಸ್ಸಿನಲ್ಲಿ ಹೀಗೆ ಬರೆಯುವ ಯಂತ್ರದ ಮುಂದೆ ಮೊದಲ ಸಲ ಒಬ್ಬನೇ ಕೂತವನ ವಿಸ್ಮಯವನ್ನು ನೀವು ಊಹಿಸಬೇಕು. ಎದುರಿಗೆ ಬೆಳ್ಳಗಿನ ಒಂದು ಹಾಳೆ. ಅದರ ತಲೆಯಲ್ಲಿ ಒಂದು ಪುಟ್ಟ ಗೆರೆ, ಮಿಣುಕ್ ಮಿಣುಕ್ ಎನ್ನುತ್ತಾ ನಾನು ಬಾಯಿ ಬಿಡಲೆಂದು ಕಾಯುತ್ತಿದೆ. ನನ್ನ ಮುಂದಿನ ವಾಕ್ಯಕ್ಕಾಗಿ ಇಷ್ಟು ತಾಳ್ಮೆಯಿಂದ ಕಾದವರು ನ್ಯಾಯಪೀಠದಲ್ಲಿ ಯಾರೂ ಇಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ. ನಾನು 5 ಎಂದು ಹಾಕಿ ಒಂದು ಕಂಡಿಕೆ ಬರೆದು ಕೆಳಗಿಳಿದರೆ, ಕೇಳದೆಯೇ 6 ಎಂದು ಹಾಕಿಕೊಂಡು ನಿಂತಿತ್ತು. ನಾಲ್ಕನೆಯದನ್ನು ಕಿತ್ತರೆ ಐದನೆಯದು ಮೆತ್ತಗೆ ಬಂದು ನಾಲ್ಕನೆಯದರ ಜಾಗದಲ್ಲಿ ಕೂತಿತು. ‘ಮೇಲೆ ನಾಲ್ಕನೆಯ ಕಂಡಿಕೆಯಲ್ಲಿ ಅರಿಕೆ ಮಾಡಿಕೊಂಡಂತೆ’ ಎಂಬ ನನ್ನ ಮಾತು ಈಗ ಯಾವುದೋ ಬೇರೆ ಅರಿಕೆಗೆ ಕೈ ತೋರಿಸುತ್ತಿತ್ತು. ಅದನ್ನು ಸರಿಮಾಡಲು ಒಂದು ಬೆಳಗಿನ ಹೊತ್ತು ಹೋಯಿತು. ಆದರೂ ಆ ಸಂಖ್ಯೆಗಳ ಶಿಸ್ತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹೆದರಿದ್ದು ಇನ್ನೊಂದು ವಿಷಯಕ್ಕೆ. ಒಂದು ಇಡೀ ವಾಕ್ಯ ಬರೆದಿದ್ದೆ, ಚೆನ್ನಾಗಿರಲಿಲ್ಲ. ಜಯಲಕ್ಷ್ಮಮ್ಮನವರ ಪುಸ್ತಕ ನೋಡಿ ಒಂದು ಗುಂಡಿ ಒತ್ತಿದೆ. ವಾಕ್ಯ ಮಾಯ. ಕಲೆ ಇಲ್ಲ, ಗೀರಿಲ್ಲ, ಗುರುತಿಲ್ಲ. ಅಲ್ಲಿ ಎಂದೂ ಏನೂ ಇರಲೇ ಇಲ್ಲ ಎನ್ನುವಂತೆ ಬಿಳಿ ಹಾಳೆ ನನ್ನನ್ನು ನೋಡುತ್ತಿತ್ತು. ನನಗೆ ಮೈ ಝುಂ ಎಂದಿತು.

ಯಾಕೆಂದು ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಅಳಿಸುವುದಕ್ಕೆ ಒಂದು ಮರ್ಯಾದೆ ಇದೆ. ಪತ್ರದಲ್ಲಿ ತಪ್ಪಾದರೆ ಒಂದೇ ಒಂದು ಗೆರೆ ಎಳೆಯಬೇಕು, ಅದೂ ಕೆಳಗಿನ ಅಕ್ಷರ ಓದಲು ಸಿಗುವಂತೆ. ಪಕ್ಕದ ಅಂಚಿನಲ್ಲಿ ಸಹಿ ಹಾಕಬೇಕು. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಬರೆದವನು ಒಂದು ಷರಾ ಸೇರಿಸುತ್ತಿದ್ದ: ಎರಡನೇ ಪುಟ ಏಳನೇ ಸಾಲಿನಲ್ಲಿ ಎರಡು ಪದ ಹೊಡೆದಿದೆ, ಮೂರನೇ ಪುಟದಲ್ಲಿ ಒಂದು ಪದ ಮೇಲೆ ಬರೆದಿದೆ. ನಾನು ಜೂನಿಯರ್ ಆಗಿದ್ದಾಗ ಒಂದು ಪತ್ರದ ತಪ್ಪಿನ ಮೇಲೆ ಬಿಳಿ ಬಣ್ಣ ಬಳಿದುಬಿಟ್ಟಿದ್ದೆ. ನಮ್ಮ ಸೀನಿಯರ್ ಬಯ್ಯಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಒಳಗೆ ಏನು ಬಚ್ಚಿಟ್ಟಿದ್ದೀಯಪ್ಪಾ?” ಎಂದರು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಮನುಷ್ಯ ತಪ್ಪಬಹುದು, ತಪ್ಪಿದ್ದು ಕಾಣದಂತೆ ಮಾಡಕೂಡದು ಎಂದು ಅವರು ಆಮೇಲೆ ಬಿಡಿಸಿ ಹೇಳಿದರು.

ಇದು ನಮ್ಮ ಸೀನಿಯರ್ ಕಂಡುಹಿಡಿದದ್ದೇನಲ್ಲ. ತಾಮ್ರಶಾಸನ ಕೊರೆಯುತ್ತಿದ್ದವರೂ ತಪ್ಪುತ್ತಿದ್ದರು. ತಪ್ಪಿದ ಅಕ್ಷರವನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ ಅದರ ಮೇಲೆ ಸರಿಯಾದದ್ದನ್ನು ಕೊರೆಯುತ್ತಿದ್ದರು. ಹಲಗೆಯನ್ನು ಓರೆ ಬೆಳಕಿಗೆ ಹಿಡಿದರೆ ಹಳೆಯ ಅಕ್ಷರದ ನೆರಳು ಇಂದಿಗೂ ಕಾಣುತ್ತದಂತೆ. ಎಷ್ಟೋ ನೂರು ವರ್ಷದ ಹಿಂದಿನ ಒಬ್ಬ ಅಕ್ಕಸಾಲಿಯ ಒಂದು ಗಳಿಗೆಯ ಗಮನ ತಪ್ಪಿದ್ದು ಹಾಗೆಯೇ ಉಳಿದುಕೊಂಡಿದೆ ಎಂದು ನೆನೆದರೆ ನನಗೆ ಆ ದಾನ ಕೊಟ್ಟ ರಾಜನಿಗಿಂತ ಅವನೇ ಹತ್ತಿರದವನು ಅನ್ನಿಸುತ್ತದೆ.

ಇಂಥ ಪರಂಪರೆಯವನಿಗೆ ಗುರುತೇ ಬಿಡದೆ ಅಳಿಸುವ ಯಂತ್ರ ಎಂದರೆ! ಜಯಲಕ್ಷ್ಮಮ್ಮನವರಿಗೆ ಫೋನ್ ಮಾಡಿದೆ. “ಅದಕ್ಕೂ ಒಂದು ಗುಂಡಿ ಇದೆ ಸಾರ್, ಪುಸ್ತಕದ ಹನ್ನೊಂದನೇ ಪುಟ” ಎಂದರು. ಒತ್ತಿದೆ. ಆಮೇಲೆ ಅಳಿಸಿದ ಪ್ರತಿ ಮಾತೂ ಕೆಂಪಾಗಿ, ಮೇಲೊಂದು ತೆಳ್ಳಗಿನ ಗೆರೆ ಹೊದ್ದು, ಅಲ್ಲೇ ಉಳಿಯಿತು. ಪಕ್ಕದ ಅಂಚಿನಲ್ಲಿ ನನ್ನ ಹೆಸರು, ದಿನ, ಗಂಟೆ, ನಿಮಿಷ! ನಾನು ಕುರ್ಚಿಯಿಂದ ಎದ್ದು ನಿಂತೆ. ಯಾವ ದೇಶದ ಯಾವ ಪುಣ್ಯಾತ್ಮ ಇದನ್ನು ಮಾಡಿದನೋ, ಅವನೂ ನಮ್ಮ ಸೀನಿಯರ್ ಹತ್ತಿರವೇ ಕೆಲಸ ಕಲಿತಿರಬೇಕು. ಚಪ್ಪಲಿ ಬಿಡಲು ಶುರುಮಾಡಿದ್ದು ಅವತ್ತಿನಿಂದ.

ಅಂದಿನಿಂದ ಆ ಏರ್ಪಾಡನ್ನು ನಾನು ಬಂದ್ ಮಾಡಿಲ್ಲ. ಯಂತ್ರ ಹಾಕುವ ಹೆಸರು ಸಾಲದೆಂದು, ಹೊಡೆದ ಪ್ರತಿಯೊಂದರ ಪಕ್ಕ ನಾನೇ ಒಂದು ಟಿಪ್ಪಣಿಯ ಚೌಕ ತೆರೆದು ನನ್ನ ಇನಿಷಿಯಲ್ ಕೂಡ ಹಾಕತೊಡಗಿದೆ. ಇಂಥ ಮಹಾ ಮೂರ್ಖತನ ವಕೀಲನಿಗಲ್ಲದೆ ಬೇರೆ ಯಾರಿಗೂ ಹೊಳೆಯುವುದಿಲ್ಲ. ಕೆಲವು ದಿನದಲ್ಲಿ ಪುಟವೆಲ್ಲ ಕೆಂಪಾಗಿ ಕಣ್ಣು ನೋಯಲು ಹತ್ತಿತು. ಅದಕ್ಕೂ ಒಂದು ಉಪಾಯ ಪುಸ್ತಕದಲ್ಲಿತ್ತು: ಇನ್ನೊಂದು ಗುಂಡಿ ಒತ್ತಿದರೆ ಕೆಂಪೆಲ್ಲ ಮರೆಯಾಗಿ ಹಾಳೆ ಶುಭ್ರವಾಗುತ್ತಿತ್ತು. ಕಾಣದ್ದರಿಂದ ಅದು ಇಲ್ಲ ಎಂದು ನಾನು ತಿಳಿದೆ. ‘ಸಾಕ್ಷಿ ನೋಡಲಿಲ್ಲ ಎಂದ ಮಾತ್ರಕ್ಕೆ ಅದು ನಡೆಯಲಿಲ್ಲ ಎಂದಾಗುವುದಿಲ್ಲ’ ಎಂದು ಕೋರ್ಟಿನಲ್ಲಿ ಸಾವಿರ ಸಲ ವಾದಿಸಿದವನು ನಾನೇ.

ಇಷ್ಟು ಪೀಠಿಕೆಯಾದ ಮೇಲೆ ನನ್ನ ಕಕ್ಷಿದಾರ ಗುರುಮಲ್ಲಪ್ಪನವರನ್ನು ಪರಿಚಯಿಸಬೇಕು. ಹೆಸರು ಬದಲಾಯಿಸಿದ್ದೇನೆ, ಬರೆಯಲು ಅಪ್ಪಣೆಯನ್ನೂ ಕೇಳಿದ್ದೇನೆ. ದೇವರಾಜ ಮೊಹಲ್ಲಾದಲ್ಲಿ ಇವರದು ತಂದೆಯ ಕಾಲದ ಹಿತ್ತಾಳೆ, ತಾಮ್ರದ ಪಾತ್ರೆಯ ಅಂಗಡಿ. ಇವರ ತಂಗಿ ಸರ್ವಮಂಗಳ, ಮದುವೆಯಾಗಿ ಶ್ರೀರಾಂಪುರದಲ್ಲಿದ್ದಾರೆ. ತಂದೆ ತೀರಿಕೊಂಡ ಮೇಲೆ ಆಕೆ ಪಾಲು ಕೇಳಿ ದಾವಾ ಹಾಕಿದರು. ಆರು ವರ್ಷ ನಡೆಯಿತು. ಆರು ವರ್ಷದಲ್ಲಿ ಅಣ್ಣ ತಂಗಿ ಮಾತಾಡಿದ್ದೆಲ್ಲ ನನ್ನ ಮೂಲಕ ಮತ್ತು ಆಕೆಯ ವಕೀಲೆ ವಿನುತಾ ಮೂಲಕ. ಕೋರ್ಟಿನ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

ಕೊನೆಗೆ ಹೇಗೋ ರಾಜಿಯ ಮಾತು ಬಂತು. ಮಂಡಕಳ್ಳಿ ಹತ್ತಿರದ ಜಮೀನು ತಂಗಿಗೆ, ಅಂಗಡಿ ಅಣ್ಣನಿಗೆ. ಶನಿವಾರ ಲೋಕ ಅದಾಲತ್‌ನಲ್ಲಿ ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಹಾಕದಿದ್ದರೆ ಮತ್ತೆ ಸಾಕ್ಷಿ, ಮತ್ತೆ ವಾಯಿದೆ, ಆಮೇಲೆ ಮೇಲ್ಮನವಿ. ಗುರುಮಲ್ಲಪ್ಪನವರಿಗೆ ಎಪ್ಪತ್ತು ಹತ್ತಿರ. ಇನ್ನೊಂದು ಸುತ್ತು ನಡೆದರೆ ಈ ಅಣ್ಣ ತಂಗಿಯರಲ್ಲಿ ಬಾಂಧವ್ಯವೂ ಉಳಿಯದು, ಬಹುಶಃ ಆಯಸ್ಸೂ ಸಾಲದು ಎಂದು ನಾನೂ ವಿನುತಾ ಅವರೂ ಒಳಗೊಳಗೇ ಹೆದರಿದ್ದೆವು.

ರಾಜಿ ಅರ್ಜಿ ಬರೆಯಲು ಗುರುವಾರ ಅವರು ನನ್ನ ಆಫೀಸಿಗೆ ಬಂದರು. ನಾನು ಚಪ್ಪಲಿ ಬಿಟ್ಟದ್ದು ನೋಡಿ ತಾವೂ ಬಿಟ್ಟು ಪಕ್ಕದಲ್ಲಿ ಕೂತರು. ಅವರು ಹೇಳುವುದು, ನಾನು ಎರಡು ಬೆರಳಲ್ಲಿ ಕುಟ್ಟುವುದು. ಮೊದಲ ಮೂರು ಕಂಡಿಕೆ ಸಲೀಸಾಗಿ ಆಯಿತು. ನಾಲ್ಕನೆಯದಕ್ಕೆ ಬಂದಾಗ ಆರು ವರ್ಷದ ಸಿಟ್ಟು ಕೆನ್ನೆಗೆ ಏರಿತು.

“ಬರ್ಕೊಳಿ ಸಾರ್. ವಾದಿ ಇನ್ಮೇಲೆ ನಮ್ ಅಂಗಡಿ ಮೆಟ್ಲು ಅತ್‌ಕೂಡ್ದು.”

ಬರೆದೆ. ಬೆಳ್ಳಗಿನ ಹಾಳೆಯ ಮೇಲೆ ಆ ಮಾತು ಕಪ್ಪಗೆ ನಿಂತದ್ದನ್ನು ಅವರು ತುಸು ಹೊತ್ತು ನೋಡಿದರು.

“ಜಾಸ್ತಿ ಆಯ್ತಾ?”

“ಆಯ್ತು” ಎಂದೆ.

“ಒಡ್ದಾಕ್ಬುಡಿ.”

ಹೊಡೆದುಹಾಕಿದೆ. ಹೀಗೆ ಇನ್ನೂ ನಾಲ್ಕು ಮಾತು ಬಂದವು, ಒಂದಕ್ಕಿಂತ ಒಂದು ಖಾರ. ನಾಲ್ಕನ್ನೂ ಹೊಡೆದೆವು. ನಾನು ನಿಷ್ಠೆಯಿಂದ ಪ್ರತಿಯೊಂದರ ಪಕ್ಕ ಇನಿಷಿಯಲ್ ಹಾಕಿದೆ. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಶುರುವಾಗಿ ಹೊರಟುಹೋದ ಮೇಲೆ ಗುರುಮಲ್ಲಪ್ಪ ಮೆಲ್ಲಗೆ ಹೇಳಿದರು: “ಅಂಗಡೀಲಿ ಒಂದ್ ಮಣೆ ಅದೆ ಸಾರ್. ಎಸ್ರು ಆಕೋ ಮಣೆ. ಇಸ್ಕೂಲಿಂದ ಬಂದೋಳೆ ಅದ್ರ ಮ್ಯಾಲೆ ಕೂತ್ಕೊಂಡು ಉಳಿ ಸುತ್ತಿಗೆ ಇಡ್ಕೊಳೋಳು. ಊರೋರ್ ಪಾತ್ರೆಗೆಲ್ಲ ಎಸ್ರು ಆಕ್ದೋಳು ಅವ್ಳೇಯ. ಇವತ್ಗೂ ಆ ಮಣೆ ಮ್ಯಾಲೆ ಯಾರ್ನೂ ಕೂರ್ಸಿಲ್ಲ ನಾನು. ಆ ಮಣೆ ಅವ್ಳ್ದು ಅಂತ ಬರೀರಿ. ಯಾವಾಗ್ ಬಂದ್ರೂ ಕೂತ್ಕೊಬೋದು ಅಂತ.”

ನಾನು ಬರೆದೆ. ‘ಸದರಿ ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಹಾಕಲು ಬಳಸುವ ಮರದ ಮಣೆಯು ವಾದಿಯವರದಾಗಿದ್ದು, ಅವರು ಯಾವಾಗ ಬಂದರೂ ಅದರ ಮೇಲೆ ಕೂರಲು ಪ್ರತಿವಾದಿಯ ತಕರಾರು ಇರುವುದಿಲ್ಲ.’ ಮೂವತ್ತೈದು ವರ್ಷದಲ್ಲಿ ನಾನು ಬರೆದ ಅತ್ಯುತ್ತಮ ವಾಕ್ಯ ಇದೇ ಇರಬೇಕು. ಗುರುಮಲ್ಲಪ್ಪ ಓದಿಸಿಕೊಂಡರು, ಇನ್ನೊಂದು ಸಲ ಓದಿಸಿಕೊಂಡರು, ಆಮೇಲೆ ತಲೆ ಆಡಿಸಿದರು.

“ಬ್ಯಾಡ ಬುಡಿ ಸಾರ್. ನಗ್ತಾಳೆ. ಇದ್ನೂ ಒಡ್ದಾಕಿ.”

ಹೊಡೆದುಹಾಕಿದೆ. ಇನಿಷಿಯಲ್ ಹಾಕುವಾಗ ನನ್ನ ಬೆರಳು ಸ್ವಲ್ಪ ತಡೆಯಿತು.

ಶುಕ್ರವಾರ ಬೆಳಿಗ್ಗೆ ಆ ಫೈಲನ್ನು ವಿನುತಾ ಅವರಿಗೆ ಕಳಿಸಿದೆ. ನನ್ನ ಕಣ್ಣಿಗೆ ಹಾಳೆ ಹಾಲಿನಷ್ಟು ಬೆಳ್ಳಗಿತ್ತು. ಹನ್ನೊಂದೂವರೆಗೆ ಅವರ ಫೋನು ಬಂತು.

“ಸಾರ್, ನಿಮ್ಮ ಫೈಲು ಹೇಳ್ಬೇಕಾದ್ದಕ್ಕಿಂತ ಜಾಸ್ತಿ ಹೇಳ್ತಾ ಇದೆ. ತೆಗೀತಿದ್ದ ಹಾಗೇ ಎಲ್ಲ ಕೆಂಪಾಗಿ ಬಂತು. ನಾನು ತಕ್ಷಣ ಮುಚ್ಚಿದೆ. ಆದ್ರೆ ನಮ್ಮ ಕ್ಲೈಂಟು ಪಕ್ಕದಲ್ಲೇ ಕೂತಿದ್ರು. ಅಷ್ಟರಲ್ಲಿ ಓದ್ಬಿಟ್ಟಿದ್ರು.”

“ಏನಂದ್ರು?”

“ನಾಳೆ ಬಂದು ಹೇಳ್ತೀನಿ ಅಂದು ಎದ್ದು ಹೋದ್ರು.”

ಕಕ್ಷಿದಾರ ವಕೀಲನಿಗೆ ಹೇಳಿದ್ದು ವಕೀಲನ ಹೊಟ್ಟೆಯಲ್ಲೇ ಇರಬೇಕು. ಅದೊಂದು ನಂಬಿಕೆಯ ಮೇಲೆ ನಮ್ಮ ಕರಿ ಕೋಟು ನಿಂತಿದೆ. ನಾನು ಅದನ್ನು ದಿನ, ಗಂಟೆ, ನಿಮಿಷ, ಸಹಿಯ ಸಮೇತ ಎದುರು ಪಕ್ಷಕ್ಕೆ ಒಪ್ಪಿಸಿದ್ದೆ. ಮೆಟ್ಟಿಲು ಹತ್ತಕೂಡದು ಎಂಬ ಮಾತು ಓದಿದ ಹೆಂಗಸು ನಾಳೆ ಸಹಿ ಹಾಕುತ್ತಾಳೆಯೇ? ಆರು ವರ್ಷದ ಶ್ರಮ ನನ್ನ ಎರಡು ಬೆರಳಿನಿಂದ ಮಣ್ಣುಪಾಲಾಯಿತು ಎಂದುಕೊಂಡೆ. ಯಂತ್ರವನ್ನು ಬಯ್ಯಲು ಬಾಯಿ ತೆರೆದೆ, ಬಯ್ಯಲಾಗಲಿಲ್ಲ. ಅದು ನಾನು ಹೇಳಿದ್ದನ್ನು ನನಗಿಂತ ನಿಷ್ಠೆಯಿಂದ ಮಾಡಿತ್ತು.

ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ನಡೆದುಕೊಂಡೇ ಅಂಗಡಿಗೆ ಹೋದೆ. ಗುರುಮಲ್ಲಪ್ಪ ಒಂದು ಕೊಳದಪ್ಪಲೆಯನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ತಪ್ಪು ನನ್ನದೇ ಎಂದೆ, ಬೇರೆ ವಕೀಲರನ್ನು ನೋಡಿಕೊಂಡರೂ ನನಗೆ ಬೇಸರವಿಲ್ಲ ಎಂದೆ. ಅವರ ಕೈ ನಿಂತಿತು.

“ಎಲ್ಲಾನೂ ಓದ್ಬುಟ್ಲಾ?”

“ಎಲ್ಲಾನೂ.”

“ಮೆಟ್ಲು ವಿಚಾರ?”

“ಹೌದು.”

ತಪ್ಪಲೆಯನ್ನು ಕೆಳಗಿಟ್ಟರು. ಕೈಯ ಹುಣಸೆಯನ್ನು ನೋಡಿಕೊಂಡರು. “ಮಣೆ ವಿಚಾರಾನೂ?”

ಹೌದೆಂದು ತಲೆಯಾಡಿಸಿದೆ. ಅವರು ನನ್ನ ಮೇಲೆ ರೇಗಬಹುದಿತ್ತು. ರೇಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಮೂಲೆಗೆ ತಿರುಗಿ ಆ ಮಣೆಯನ್ನು ನೋಡಿದರು. ನಾನೂ ನೋಡಿದೆ. ಅಂಗಡಿ ತುಂಬ ಪಾತ್ರೆ, ಕಾಲಿಡಲು ಜಾಗವಿಲ್ಲ. ಆ ಪುಟ್ಟ ಮಣೆಯ ಮೇಲೆ ಮಾತ್ರ ಒಂದು ಲೋಟವನ್ನೂ ಇಟ್ಟಿರಲಿಲ್ಲ.

ಶನಿವಾರ ಕೋರ್ಟಿನ ಪಡಸಾಲೆಯಲ್ಲಿ ಅದೇ ಬೆಂಚು, ಅದೇ ಎರಡು ತುದಿ. ಸರ್ವಮಂಗಳ ಅಣ್ಣನ ಕಡೆ ತಿರುಗಲಿಲ್ಲ. ವಿನುತಾಗೆ ಹೇಳಿದರು: “ನಿನ್ನೆ ಬಂದ ಫೈಲನ್ನ ತೆಗೀರಮ್ಮ. ಎಲ್ಲರ ಮುಂದೇನೇ ನೋಡ್ಬೇಕು ನಾನು.” ವಿನುತಾ ನನ್ನ ಮುಖ ನೋಡಿದರು, ನಾನು ಗುರುಮಲ್ಲಪ್ಪನವರ ಮುಖ ನೋಡಿದೆ, ಅವರು ಎಂದಿನಂತೆ ಗೋಡೆ ನೋಡುತ್ತಾ “ಉಂ” ಎಂದರು. ವಿನುತಾ ತಮ್ಮ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟು ತೆರೆದರು.

ಆಗ ನಾನು ಕಂಡದ್ದನ್ನು ನಿಮಗೆ ಸರಿಯಾಗಿ ಹೇಳಬೇಕು, ಏಕೆಂದರೆ ನನ್ನ ನೋಟುಬುಕ್ಕಿನಲ್ಲಿ ಅದು ಇರಲಿಲ್ಲ. ಹೊಡೆದುಹಾಕಿದ ಪ್ರತಿ ಮಾತಿನ ಮುಂದೆಯೂ ಆ ಯಂತ್ರ ಎರಡು ದಾರಿ ಕೊಡುತ್ತದೆ. ಒಪ್ಪಿದರೆ, ಹೊಡೆದದ್ದು ಇನ್ನಿಲ್ಲದಂತೆ ಹೋಗುತ್ತದೆ. ಒಪ್ಪದಿದ್ದರೆ, ಹೊಡೆದ ಗೆರೆಯೇ ಬಿದ್ದುಹೋಗಿ ಮಾತು ಮತ್ತೆ ಎದ್ದು ಕೂರುತ್ತದೆ. ವಿನುತಾ ಅದನ್ನು ವಿವರಿಸಿದರು. ಸರ್ವಮಂಗಳ ಕನ್ನಡಕ ಏರಿಸಿಕೊಂಡು ‘ಮೆಟ್ಟಿಲು ಹತ್ತಕೂಡದು’ ಎಂಬುದನ್ನು ಓದಿದರು. “ಹೊಡೆದದ್ದು ಸರಿಯಾಗಿದೆ, ಹೋಗ್ಲಿ ಬಿಡಿ” ಎಂದರು. ಮಾತು ಹೋಯಿತು. ಉಳಿದ ನಾಲ್ಕೂ ಒಂದೊಂದಾಗಿ ಹೋದವು. ಕೊನೆಯದಕ್ಕೆ ಬಂದಾಗ ಆಕೆ ವಿನುತಾ ಅವರ ಕೈ ತಡೆದರು.

“ಇದನ್ನ ಹೊಡೆದದ್ದು ನಾನು ಒಪ್ಪಲ್ಲ. ಇದು ಇದ್ರೆ ಸಹಿ ಹಾಕ್ತೀನಿ, ಇಲ್ದಿದ್ರೆ ಇಲ್ಲ.”

ಮಣೆ ಮರಳಿ ಬಂತು. ಕೆಂಪು ಹೋಗಿ ಕಪ್ಪಾಯಿತು, ಮೇಲಿನ ಗೆರೆಯೂ ಹೋಯಿತು. ಇಷ್ಟು ವರ್ಷ ನಾನು ಮಾಡಿದ ವಾದಗಳೆಲ್ಲ ಸೇರಿ ಮಾಡಲಾಗದ್ದನ್ನು ಒಂದು ಬೆರಳ ತುದಿ ಮಾಡಿದ್ದನ್ನು ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಗುರುಮಲ್ಲಪ್ಪ ಗೋಡೆಯ ಕಡೆಯೇ ಮುಖ ಮಾಡಿ, “ನಗ್ತೀಯ ಅಂದ್ಕೊಂಡಿದ್ದೆ ಕಣಮ್ಮ” ಎಂದರು. ಆರು ವರ್ಷದಲ್ಲಿ ಅವರು ತಂಗಿಗೆ ನೇರವಾಗಿ ಆಡಿದ ಮೊದಲ ಮಾತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಗ್ತಾ ಇದೀನಲ್ಲ, ಕಾಣಲ್ವಾ? ಈ ಕಡೆ ತಿರುಗು” ಎಂದರು.

ಮತ್ತೆ ಪ್ರಿಂಟು ತೆಗೆಸೋಣವೆಂದರೆ ಜೆರಾಕ್ಸ್ ಅಂಗಡಿಯ ಮುಂದೆ ಅದಾಲತ್ ದಿನದ ಜಾತ್ರೆ. ಆಗ ನನ್ನ ಹಳೆಯ ವಿದ್ಯೆ ಕೆಲಸಕ್ಕೆ ಬಂತು. ನಾನು ತಂದಿದ್ದ ಅಚ್ಚುಕಟ್ಟಾದ ಪ್ರತಿಯ ನಾಲ್ಕನೆಯ ಕಂಡಿಕೆಯ ಕೆಳಗೆ ಶಾಯಿಯಲ್ಲಿ ಆ ವಾಕ್ಯ ಬರೆದೆ. ಅಂಚಿನಲ್ಲಿ ಅಣ್ಣ ಸಹಿ ಹಾಕಿ ಪೆನ್ನನ್ನು ತಂಗಿಗೆ ಕೊಟ್ಟರು. ನ್ಯಾಯಾಧೀಶರು ಓದುತ್ತಾ ಅಲ್ಲಿ ನಿಂತರು. ಇಷ್ಟು ಚೆನ್ನಾಗಿ ಟೈಪು ಮಾಡಿ ಒಂದು ಸಾಲನ್ನು ಮಾತ್ರ ಕೈಯಲ್ಲಿ ಬರೆದಿದ್ದೀರಲ್ಲ ಎಂದು ಕೇಳಿದರು. “ತಿದ್ದುಪಡಿ, ಸ್ವಾಮಿ. ಸಹಿ ಆಗಿದೆ” ಎಂದೆ. ಮೈಸೂರಿನ ಒಂದು ಡಿಕ್ರಿಯಲ್ಲಿ ಈಗ ಒಂದು ಮಣೆ ಇದೆ.

ಮೊನ್ನೆ ಆ ಅಂಗಡಿಗೆ ಹೋಗಿದ್ದೆ, ಜಯಲಕ್ಷ್ಮಮ್ಮನವರಿಗೊಂದು ತಾಮ್ರದ ತಂಬಿಗೆ ಕೊಳ್ಳಲು. ಮಣೆಯ ಮೇಲೆ ಸರ್ವಮಂಗಳ ಕೂತಿದ್ದರು. ವಾರಕ್ಕೆರಡು ದಿನ ಬರುತ್ತಾರಂತೆ. ಹೆಸರು ಹಾಕಿಕೊಟ್ಟರು. ಮಧ್ಯೆ ಒಂದು ಕಡೆ ಉಳಿ ಜಾರಿ ಗೀರು ಬಿತ್ತು. ತಾಮ್ರದಲ್ಲಿ ಗುರುತಿಲ್ಲದಂತೆ ಅಳಿಸುವ ಮಾತಿಲ್ಲ. ಆಕೆ ಒಂದು ಕ್ಷಣ ನೋಡಿ, ಗೀರಿನ ಪಕ್ಕ ಇನ್ನೂ ಚಿಕ್ಕದಾಗಿ ತಮ್ಮ ಹೆಸರಿನ ಮೊದಲ ಅಕ್ಷರ ಕೊರೆದು ನನ್ನ ಕೈಗೆ ಕೊಟ್ಟರು. “ಸಹಿ ಹಾಕಿದೀನಿ ಸಾರ್, ತಕರಾರಿಲ್ವಲ್ಲ?”

ಈ ಬರಹವನ್ನೂ ಅದೇ ಯಂತ್ರದಲ್ಲಿ, ಚಪ್ಪಲಿ ಬಿಟ್ಟು ಬರೆದಿದ್ದೇನೆ. ಮೊದಲ ಪುಟದಲ್ಲಿ ಜಯಲಕ್ಷ್ಮಮ್ಮನವರಿಗೆ ನಾನು ಇಷ್ಟು ವರ್ಷ ಹೇಳದೇ ಉಳಿಸಿಕೊಂಡಿದ್ದ ಎರಡು ಸಾಲು ಬರೆದಿದ್ದೆ. ಓದಿಕೊಂಡೆ, ನಾಚಿಕೆಯಾಯಿತು, ಹೊಡೆದುಹಾಕಿದೆ. ನಿಮ್ಮ ಕೈಗೆ ಬಂದಿರುವುದು ಶುಭ್ರವಾದ ಪ್ರತಿ. ಕೆಂಪು ನಿಜವಾಗಿ ಹೋಗುವಂತೆ ಮಾಡುವುದು ಹೇಗೆಂದು ವಿನುತಾ ಕಲಿಸಿಕೊಟ್ಟಿದ್ದಾರೆ. ನಾಳೆ ತಂಬಿಗೆಯ ಜೊತೆ ಜಯಲಕ್ಷ್ಮಮ್ಮನವರಿಗೂ ಇದನ್ನು ಕಳಿಸಬೇಕು. ಆಕೆಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಕೆಂಪನ್ನು ಹಾಗೆಯೇ ಬಿಟ್ಟಿದ್ದೇನೆ.